ವಾರಿಜಕ್ಕನ ಪಿಗ್ಮಿ

ಸಂಜೆ ಐದೂವರೆಗೆ ಸಂಸ್ಕೃತ ಕಾಲೇಜಿನ ಎದುರು
ಸ್ಕೂಟರ್ ನಿಲ್ಲಿಸುತ್ತೇನೆ. ಕೊರಳಲ್ಲಿ ಸೊಸೈಟಿಯ ಮೆಷಿನ್,
ಹೆಗಲಲ್ಲಿ ಚೀಲ, ಅದರ ಜಿಪ್ಪು ಹೋಗಿ ವರ್ಷವಾಯಿತು.
ಇಪ್ಪತ್ತಾರು ವರ್ಷದಿಂದ ಉಡುಪಿಯ ಚಿಲ್ಲರೆ
ನನ್ನ ಪಕ್ಕೆಗೆ ಬಡಿಯುತ್ತ ಬಂದಿದೆ.

ಟೈಲರ್ ಗುರುವಪ್ಪಣ್ಣನದು ಮಗಳ ಮದುವೆಗೆ,
ಸೋಡಾ ಅಂಗಡಿಯ ಹಮೀದ್ ಬ್ಯಾರಿಯದು
ತಗಡು ತೆಗೆದು ಹಂಚು ಹೊದೆಸಲಿಕ್ಕೆ.
ಯಾವ ಹಣ ಯಾವುದಕ್ಕೆಂದು ನಾನು ಕೇಳುವುದಿಲ್ಲ,
ಅವರೇ ಹೇಳುತ್ತಾರೆ,
ಹೇಳಿಟ್ಟರೆ ಖರ್ಚಾಗದೆ ಉಳಿಯುತ್ತದೆ ಎಂಬಂತೆ.

ವಾರಿಜಕ್ಕ ಮಲ್ಲಿಗೆಯ ಬುಟ್ಟಿಯಿಂದ ತಲೆ ಎತ್ತದೆ
ಅರವತ್ತು ರೂಪಾಯಿ ಚಾಚಿದರು, ಮೊದಲ ದಿನ.
"ಇದು ಎಂತಕ್ಕೆ?" ಆವತ್ತು ನಾನೇ ಕೇಳಿಬಿಟ್ಟೆ.
"ನಾನು ಮಲಗಿದ ಮೇಲೆ ನನ್ನನ್ನು ಮಗುಚಿ ಹಾಕುವವರಿಗೆ."
ದೋಸೆಯ ವಿಷಯ ಹೇಳಿದ ಹಾಗೆ ಹೇಳಿದರು.

ಅತ್ತೆ ಒಂಬತ್ತು ವರ್ಷ ಮಲಗಿದ್ದರಂತೆ
ಕುಂಜಾರುಗಿರಿಯ ಬುಡದ ಮನೆಯಲ್ಲಿ,
ಸೊಂಟದಿಂದ ಕೆಳಗೆ ತಮ್ಮದೆಂಬುದು ಏನೂ ಇಲ್ಲದೆ.
ಎರಡು ಗಂಟೆಗೊಮ್ಮೆ ಎಡಕ್ಕೆ, ಎರಡು ಗಂಟೆಗೊಮ್ಮೆ ಬಲಕ್ಕೆ,
ತಪ್ಪಿದರೆ ಬೆನ್ನಲ್ಲಿ ಹುಣ್ಣು.
"ಹೂವಿನ ಹಾಗೆ ಅರಳುತ್ತದಂತೆ, ಅಲ್ಲವಾ" ಎಂದೆ ಬುದ್ಧಿಯಿಲ್ಲದೆ.
ಅವರು ನೋಡಿದ ನೋಟಕ್ಕೆ
ಜೇಬಿನಲ್ಲಿ ಸ್ಕೂಟರಿನ ಕೀಲಿ ಹುಡುಕಿದೆ.

"ಮೊದಲ ವರ್ಷಕ್ಕೆ ನನ್ನ ಬೆಂಡೋಲೆ ಹೋಯಿತು,
ಎರಡನೆಯದಕ್ಕೆ ದನ, ಕರು.
ಮೂರನೆಯದರಿಂದ ಆಚೆಗೆ ನನ್ನ ಬೆನ್ನು.
ಬೆನ್ನಿಗೆ ರಶೀದಿ ಯಾರು ಕೊಡುತ್ತಾರೆ ಮಾರಾಯ್ರೆ?"

ಸೊಸೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ. ಒಳ್ಳೆಯವಳು,
ಕೇಳಿದರೆ ಮಾಡುತ್ತಾಳೆ. ಕೇಳದಿದ್ದರೂ ಮಾಡುತ್ತಾಳೆ.
ಅದೇ ಹೆದರಿಕೆ.

ಆಟಿಯಲ್ಲಿ ಅಟ್ಟೆಗೆ ನೂರೂ ಹುಟ್ಟುವುದಿಲ್ಲ,
ಮದುವೆಯ ದಿನಗಳಲ್ಲಿ ಸಾವಿರ ದಾಟಿ ಓಡುತ್ತದೆ.
ಅವರ ಅರವತ್ತು ಮಾತ್ರ ಅರವತ್ತೇ.
ಕೆಲವೊಮ್ಮೆ ಎರಡು ಇಪ್ಪತ್ತು, ಉಳಿದದ್ದು ನಾಣ್ಯ,
ಎಲ್ಲಕ್ಕೂ ಬಾಳೆನಾರಿನ ತೇವ.
ಸೊಸೈಟಿಯ ಕ್ಯಾಶಿಯರ್ ನೋಟು ಮೂಸಿ
"ವಾರಿಜಕ್ಕಂದು" ಎನ್ನುತ್ತಾಳೆ ನಾನು ಹೇಳುವ ಮೊದಲೇ.

ಹತ್ತು ವರ್ಷ ತುಂಬಿದ ದಿನ ಲೆಕ್ಕ ಹಾಕಿದೆ, ಹಾಕಬಾರದಿತ್ತು.
ಬಡ್ಡಿ ಸೇರಿ ಎರಡು ಲಕ್ಷ ಮೂವತ್ತು ಸಾವಿರ.
ಹೋಮ್ ನರ್ಸಿಗೆ ತಿಂಗಳಿಗೆ ಇಪ್ಪತ್ತು,
ಅವಳ ಊಟ, ಡಯಾಪರ್,
ಗಾಳಿ ತುಂಬುವ ಹಾಸಿಗೆಯ ಬಾಡಿಗೆ.
ಪೆನ್ನು ಒಂಬತ್ತರಲ್ಲಿ ನಿಂತಿತು.

"ಒಂಬತ್ತು ತಿಂಗಳು" ಎಂದೆ, ಮುಖ ನೋಡದೆ,
ಒಂಬತ್ತು ವರ್ಷ ಹೊತ್ತವರ ಎದುರು.

ಅವರು ಗಂಟು ಬಿಗಿದರು, ನಾರಿನ ತುದಿ ಹಲ್ಲಿನಲ್ಲಿ ಕಡಿದರು.
"ಹೌದಾ? ಬರುವಾಗಲೂ ಅಷ್ಟೇ ಹಿಡಿದದ್ದಲ್ಲವಾ"
ಎಂದು ನಕ್ಕರು.

ನನಗೆ ನಗು ಬರಲಿಲ್ಲ. ನನಗೆ ನೂರಕ್ಕೆ ಮೂರು ಕಮಿಷನ್,
ಪೆನ್ಶನ್ ಇಲ್ಲ, ಮೊಣಕಾಲು ಈಗಲೇ ಕರಕರ ಎನ್ನುತ್ತದೆ.
ಪೇಟೆಯವರೆಲ್ಲರ ನಾಳೆಯನ್ನು ಹೊತ್ತು ತಿರುಗುವ ಚೀಲದಲ್ಲಿ
ನನ್ನ ಹೆಸರಿನದೊಂದು ಖಾತೆಯಿಲ್ಲ.
ಮನೆಯಲ್ಲಿ ಕೇಳಿದರೆ, ಮಾಡುವ ಮಾರಾಯ್ತಿ, ಎನ್ನುತ್ತೇನೆ,
ಹದಿನೈದು ವರ್ಷದಿಂದ.

ಮೆಷಿನ್ ಚೀಟಿ ಉಗುಳುತ್ತದೆ.
ಇದರ ಅಕ್ಷರ ಮಳೆಗಾಲ ಮುಗಿಯುವುದರೊಳಗೆ ಮಾಸುತ್ತದೆ
ಎಂದು ಎಷ್ಟು ಸಲ ಹೇಳಿದ್ದೇನೆ.
ಆದರೂ ನಾಲ್ಕಾಗಿ ಮಡಿಸಿ ರವಿಕೆಯೊಳಗೆ ಇಡುತ್ತಾರೆ.

ಈಗ ಸೋಮವಾರ ಸೋಮವಾರ
ಅರವತ್ತರ ಮೇಲೆ ಒಂದು ಹತ್ತು.
"ಇದು?"
"ಹತ್ತನೆಯ ತಿಂಗಳಿಗೆ."

ಹಿಂದೆ ಯಾರೋ ಎರಡು ಚೆಂಡು ಕೇಳುತ್ತಾರೆ,
ಐದು ರೂಪಾಯಿಗೆ ಚೌಕಾಸಿ.
ಎಪ್ಪತ್ತು ಒತ್ತುವಾಗ ಬೆರಳು ಜಾರಿ
ಏಳುನೂರು ಆಯಿತು.
ಸ್ವಲ್ಪ ಹೊತ್ತು ನೋಡಿದೆ,
ಅಳಿಸಿದೆ.